ಬೆಂಕಿಕಡ್ಡಿಯಿಂದ ಎಂಟು ಗಂಟೆಯ ದುಡಿಮೆಯವರೆಗೆ

ಹತ್ತೊಂಬತ್ತನೇ ಶತಮಾನದ ಬೆಂಕಿಕಡ್ಡಿ ಗೋಡೆ, ಕಲ್ಲು, ಬೂಟಿನ ಅಡಿ, ಎಲ್ಲಿ ಗೀರಿದರೂ ಹೊತ್ತಿಕೊಳ್ಳುತ್ತಿತ್ತು. ಅದರ ತುದಿಯಲ್ಲಿದ್ದದ್ದು ಬಿಳಿ ರಂಜಕ. ಆ ರಂಜಕದ ಹಬೆಯಲ್ಲಿ ದಿನವಿಡೀ ಕೂತು ಕೆಲಸ ಮಾಡುವವರಿಗೆ ಮೊದಲು ಹಲ್ಲುನೋವು ಬರುತ್ತಿತ್ತು. ಹುಳುಕು ಹಲ್ಲಿನ ದಾರಿಯಲ್ಲಿ ವಿಷ ಒಳಗಿಳಿದರೆ ಒಸಡು ಬಾತು, ಕೀವು ಸೋರಿ, ಕೊನೆಗೆ ದವಡೆಯ ಮೂಳೆಯೇ ಸತ್ತುಹೋಗುತ್ತಿತ್ತು. ಮೂಳೆಯನ್ನು ಕೊಯ್ದು ತೆಗೆಯದೆ ಬೇರೆ ದಾರಿ ಇರಲಿಲ್ಲ. ವೈದ್ಯರು ಇದನ್ನು 1840ರ ದಶಕದಲ್ಲೇ ಗುರುತಿಸಿದ್ದರು. ಆದರೂ ಆ ಕಡ್ಡಿಗಳ ತಯಾರಿಕೆ ಅರ್ಧ ಶತಮಾನಕ್ಕೂ ಮೀರಿ ನಡೆದೇ ಇತ್ತು.

ನಿಲ್ಲಿಸಲು ಹೊರಟ ದೇಶಗಳು ಇರಲಿಲ್ಲವೆಂದಲ್ಲ. ಫಿನ್ಲೆಂಡ್ 1872ರಲ್ಲಿ, ಡೆನ್ಮಾರ್ಕ್ 1874ರಲ್ಲಿ ನಿಷೇಧಿಸಿದವು. ಸ್ವಿಟ್ಜರ್ಲೆಂಡ್ 1879ರಲ್ಲಿ ನಿಷೇಧಿಸಿ, ಮೂರೇ ವರ್ಷದಲ್ಲಿ ಅದನ್ನು ಹಿಂತೆಗೆದುಕೊಂಡು, 1898ರಲ್ಲಿ ಮತ್ತೆ ತರಬೇಕಾಯಿತು. ತೊಡಕು ಎಲ್ಲರಿಗೂ ಗೊತ್ತಿದ್ದದ್ದೇ. ನಮ್ಮ ಮಾಲೀಕ ಅಗ್ಗದ ವಿಷ ಬಿಟ್ಟರೆ ಪಕ್ಕದ ದೇಶದವನು ಅದೇ ವಿಷದ ಕಡ್ಡಿಯನ್ನು ನಮ್ಮ ಸಂತೆಗೇ ತಂದು ಮಾರುತ್ತಾನೆ. ಒಂಟಿಯಾಗಿ ಒಳ್ಳೆಯವನಾಗಲು ಹೊರಟ ದೇಶಕ್ಕೆ ನಷ್ಟ ಕಟ್ಟಿಟ್ಟದ್ದು. ಎಲ್ಲರೂ ಒಟ್ಟಿಗೆ, ಒಂದೇ ದಿನ, ಒಂದೇ ಮಾತಿಗೆ ಕಟ್ಟುಬೀಳುವಂತೆ ಬರೆಯುವುದು ಹೇಗೆ? ಈ ಪ್ರಶ್ನೆಯನ್ನು ಹಿಡಿದುಕೊಂಡೇ ಒಂದು ಕಸುಬು ಬೆಳೆಯಿತು. ಅದು ಕಾರ್ಮಿಕ ಒಡಂಬಡಿಕೆಯನ್ನು ಹೆಣೆಯುವ ಕಸುಬು. ನಾನು ಓದಿದ ಬರವಣಿಗೆಗಳಲ್ಲಿ ಇಷ್ಟು ಒಣಗಿದ ಗದ್ಯ ಕಡಿಮೆ, ಇಷ್ಟು ಜೀವ ಉಳಿಸಿದ ಗದ್ಯ ಇನ್ನೂ ಕಡಿಮೆ.

ಅದರ ಮೊದಲ ಕಮ್ಮಟ ಸ್ವಿಟ್ಜರ್ಲೆಂಡಿನ ಬಾಸೆಲ್. 1900ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ ಕಾರ್ಮಿಕ ಕಾನೂನುಗಳ ಅಂತರರಾಷ್ಟ್ರೀಯ ಸಂಘ ಮರುವರ್ಷ ಅಲ್ಲಿ ಕಚೇರಿ ತೆರೆಯಿತು. ಪ್ರಾಧ್ಯಾಪಕರು, ವೈದ್ಯರು, ಕಾರ್ಖಾನೆ ತನಿಖಾಧಿಕಾರಿಗಳು ಸೇರಿದ್ದ ಆ ಸಂಘಕ್ಕೆ ಯಾವ ಅಧಿಕಾರವೂ ಇರಲಿಲ್ಲ. ಅವರ ಜಾಣತನ ಕಾಣುವುದು ವಿಷಯದ ಆಯ್ಕೆಯಲ್ಲಿ. ಕೂಲಿ, ಮುಷ್ಕರದ ಹಕ್ಕು ಮುಂತಾದ ದೊಡ್ಡ ಜಗಳಗಳನ್ನು ಬದಿಗಿಟ್ಟು ಎರಡೇ ಸಂಗತಿ ಹಿಡಿದರು: ಬಿಳಿ ರಂಜಕ ಮತ್ತು ಹೆಂಗಸರ ರಾತ್ರಿಪಾಳಿ. ರಂಜಕದ ವಿಷಯದಲ್ಲಿ ರೋಗದ ಕಾರಣ ಖಚಿತವಾಗಿತ್ತು, ಬದಲಿ ವಸ್ತುವೂ ಕೈಯಲ್ಲಿತ್ತು. ಎಲ್ಲಿ ಗೀರಿದರೂ ಹೊತ್ತುವ, ಆದರೆ ದವಡೆ ತಿನ್ನದ ರಂಜಕದ ಗಂಧಕ ಸಂಯುಕ್ತವನ್ನು ಫ್ರಾನ್ಸಿನವರು 1898ರ ಹೊತ್ತಿಗೆ ಬಳಕೆಗೆ ತಂದಿದ್ದರು.

ಮುಂದಿನದು ಕುಶಲಕರ್ಮಿಯ ತಾಳ್ಮೆ. 1905ರಲ್ಲಿ ಬರ್ನ್ ನಗರದಲ್ಲಿ ಮೊದಲು ತಜ್ಞರನ್ನು ಕೂರಿಸಿ ಕರಡು ಮಾಡಿಸಿದರು. ರಾಯಭಾರಿಗಳು ಬಂದದ್ದು ಮರುವರ್ಷ. ಮೊದಲ ಕರಡಿನಲ್ಲಿ ಜಪಾನ್ ಕೂಡ ಸೇರಬೇಕೆಂಬ ಷರತ್ತಿತ್ತು, ಏಕೆಂದರೆ ಕಡ್ಡಿ ರಫ್ತಿನಲ್ಲಿ ಅದು ದೊಡ್ಡ ಪೈಪೋಟಿದಾರ. ಆ ಷರತ್ತಿಗೆ ಕಾದಿದ್ದರೆ ಕೆಲಸ ಅಲ್ಲೇ ನಿಲ್ಲುತ್ತಿತ್ತು. ಅದನ್ನು ಬಿಟ್ಟು, 1906ರ ಸೆಪ್ಟೆಂಬರ್ 26ರಂದು ಏಳೇ ದೇಶಗಳು ಸಹಿ ಹಾಕಿದವು: ಜರ್ಮನಿ, ಫ್ರಾನ್ಸ್, ಇಟಲಿ, ಸ್ವಿಟ್ಜರ್ಲೆಂಡ್, ಡೆನ್ಮಾರ್ಕ್, ನೆದರ್ಲೆಂಡ್ಸ್, ಲಕ್ಸಂಬರ್ಗ್. ಒಡಂಬಡಿಕೆಯ ತಿರುಳು ಒಂದೇ ಸಾಲಿನದು. ಆ ಸಾಲಿನಲ್ಲಿ ಮೂರು ಕ್ರಿಯೆಗಳಿವೆ: ಬಿಳಿ ರಂಜಕದ ಕಡ್ಡಿಯನ್ನು ತಯಾರಿಸುವಂತಿಲ್ಲ, ತರಿಸುವಂತಿಲ್ಲ, ಮಾರುವಂತಿಲ್ಲ. ತಯಾರಿಕೆಯನ್ನು ಮಾತ್ರ ತಡೆದಿದ್ದರೆ ಒಂಟಿ ದೇಶದ ಹಳೆಯ ಪಾಡೇ ಆಗುತ್ತಿತ್ತು. ಆಮದು, ಮಾರಾಟ ಎರಡೂ ಸೇರಿದ್ದರಿಂದ ಸಹಿ ಹಾಕದವನಿಗೂ ಏಳು ದೇಶಗಳ ಮಾರುಕಟ್ಟೆಯ ಬಾಗಿಲು ಮುಚ್ಚಿತು. ಹೊರಗುಳಿದವನಿಗೆ ಹೊರಗುಳಿಯುವುದೇ ದುಬಾರಿಯಾಯಿತು. ಬ್ರಿಟನ್ 1908ರಲ್ಲಿ ಕಾನೂನು ಮಾಡಿತು. ಕಾರ್ಖಾನೆಗಳ ಮೇಲೆ ನೇರ ಹಿಡಿತವಿಲ್ಲದ ಅಮೆರಿಕದ ಕೇಂದ್ರ ಸರ್ಕಾರ 1912ರಲ್ಲಿ ನೂರು ಕಡ್ಡಿಗೆ ಎರಡು ಸೆಂಟ್ ತೆರಿಗೆ ಹೇರಿ ಅವು ಮಾರಾಟವಾಗದಂತೆ ಮಾಡಿತು. ಭಾರತದಲ್ಲಿ ನಿಷೇಧದ ಕಾಯ್ದೆ ಬಂದದ್ದು 1913ರಲ್ಲಿ.

ಯುದ್ಧ ಬಂತು, ಮುಗಿಯಿತು. ಶಾಂತಿ ಒಪ್ಪಂದ ಬರೆಯಲು ಕೂತವರು 1919ರಲ್ಲಿ ವರ್ಸೇಲ್ಸ್ ಒಪ್ಪಂದದ ಹದಿಮೂರನೇ ಭಾಗವನ್ನು ಪೂರ್ತಿ ಕಾರ್ಮಿಕರಿಗೆ ಮೀಸಲಿಟ್ಟರು. ಸಾಮಾಜಿಕ ನ್ಯಾಯವಿಲ್ಲದೆ ಶಾಂತಿ ಬಾಳದು ಎಂಬುದು ಅದರ ನೆಲೆಗಟ್ಟು. ಆ ಕರಡು ಸಮಿತಿಯ ಅಧ್ಯಕ್ಷರು ಸಿಗಾರ್ ಕಾರ್ಮಿಕರಾಗಿ ದುಡಿದಿದ್ದ ಸ್ಯಾಮ್ಯುಯೆಲ್ ಗೊಂಪರ್ಸ್. ಹೀಗೆ ಹುಟ್ಟಿದ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಬಾಸೆಲಿನ ಕಸುಬನ್ನೇ ಮುಂದುವರಿಸಿತು, ಜೊತೆಗೆ ಹೊಸದೊಂದು ಪಟ್ಟು ಸೇರಿಸಿತು. ಪ್ರತಿ ದೇಶದಿಂದ ಸರ್ಕಾರದ ಇಬ್ಬರು, ಮಾಲೀಕರ ಒಬ್ಬರು, ಕಾರ್ಮಿಕರ ಒಬ್ಬರು ಬರುತ್ತಾರೆ. ನಾಲ್ವರಿಗೂ ಸ್ವತಂತ್ರ ಮತ. ಕಾರ್ಮಿಕರ ಪ್ರತಿನಿಧಿ ತನ್ನ ಸರ್ಕಾರದ ವಿರುದ್ಧವೇ ಕೈ ಎತ್ತಬಹುದು. ಮೂರನೇ ಎರಡರಷ್ಟು ಮತ ಬಿದ್ದರೆ ಒಡಂಬಡಿಕೆ ಅಂಗೀಕಾರವಾಗುತ್ತದೆ. ಬಳಿಕ ಪ್ರತಿ ಸರ್ಕಾರ ಅದನ್ನು ಗೊತ್ತಾದ ಅವಧಿಯೊಳಗೆ ತನ್ನ ಶಾಸನ ಸಭೆಯ ಮುಂದೆ ಇಡಲೇಬೇಕು. ಒಪ್ಪುವುದು ಬಿಡುವುದು ಅವರಿಗೆ ಬಿಟ್ಟದ್ದು, ಆದರೆ ಕಪಾಟಿನಲ್ಲಿ ಮುಚ್ಚಿಡುವಂತಿಲ್ಲ.

ಮೊದಲ ಸಮ್ಮೇಳನ ಅದೇ ವರ್ಷ ಅಕ್ಟೋಬರ್ 29ರಂದು ವಾಷಿಂಗ್ಟನ್ನಿನಲ್ಲಿ ಶುರುವಾಯಿತು. ಒಂದೇ ತಿಂಗಳಲ್ಲಿ ಆರು ಒಡಂಬಡಿಕೆಗಳು ಹೊರಬಂದವು. ಮೊದಲನೆಯದು ಕಾರ್ಖಾನೆ ದುಡಿಮೆಯನ್ನು ದಿನಕ್ಕೆ ಎಂಟು, ವಾರಕ್ಕೆ ನಲವತ್ತೆಂಟು ಗಂಟೆಗೆ ಮಿತಿಗೊಳಿಸಿದ್ದು. ಅದರ ಹತ್ತನೇ ವಿಧಿ ಬ್ರಿಟಿಷ್ ಭಾರತಕ್ಕೆ ಮೀಸಲು. ಭಾರತ ಸರ್ಕಾರದ ಕಾರ್ಖಾನೆ ಕಾಯ್ದೆಯಡಿ ಆಗ ಇದ್ದ ಉದ್ದಿಮೆಗಳು, ಗಣಿಗಳು, ಗೊತ್ತುಪಡಿಸಿದ ರೈಲ್ವೆ ಕೆಲಸಗಳು, ಇಷ್ಟಕ್ಕೆ ವಾರಕ್ಕೆ ಅರವತ್ತು ಗಂಟೆ ಎಂದು ಅಲ್ಲಿ ಬರೆದಿದೆ. ಗುಲಾಮ ದೇಶದ ಮೈಗೆ ಹನ್ನೆರಡು ಗಂಟೆ ಹೆಚ್ಚು ದುಡಿಮೆ ಹೊರಿಸಿದ ಈ ವಿಧಿ ಅನ್ಯಾಯವೇ, ನನಗೆ ಅನುಮಾನವಿಲ್ಲ. ಆದರೂ ಅದರ ಕಟ್ಟಣೆಯನ್ನು ನೋಡಬೇಕು. ಕಾರ್ಮಿಕ ಒಡಂಬಡಿಕೆಗೆ ಒಪ್ಪುವಾಗ ಯಾವ ದೇಶವೂ ತನಗೆ ಬೇಡವಾದ ವಿಧಿಯನ್ನು ಬಿಟ್ಟು ಸಹಿ ಹಾಕುವಂತಿಲ್ಲ. ರಿಯಾಯಿತಿ ಬೇಕಿದ್ದರೆ ಎಲ್ಲರೆದುರು ವಾದಿಸಿ, ಮತ ಗೆದ್ದು, ಪಠ್ಯದೊಳಗೇ ಬರೆಸಬೇಕು. ಆಗ ಕೊರತೆ ಅಂಕಿಯಲ್ಲಿ ಬಯಲಾಗಿ ನಿಲ್ಲುತ್ತದೆ. ಮುಂದೆ ಗಂಟೆಗಳನ್ನು ಇನ್ನಷ್ಟು ಇಳಿಸುವ ವಿಚಾರವನ್ನು ಎತ್ತಿಕೊಳ್ಳಬೇಕೆಂಬ ಮಾತನ್ನೂ ಆ ವಿಧಿಯ ಕೊನೆಗೆ ಪೋಣಿಸಿದ್ದಾರೆ.

ಭಾರತದ ಕಾರ್ಮಿಕರ ಪ್ರತಿನಿಧಿಯಾಗಿ ಅಲ್ಲಿದ್ದವರು ಎನ್.ಎಂ. ಜೋಶಿ. ಪ್ರತಿನಿಧಿಯನ್ನು ಸರ್ಕಾರ ಆರಿಸುವಾಗ ದೇಶದ ಪ್ರಮುಖ ಕಾರ್ಮಿಕ ಸಂಸ್ಥೆಯ ಒಪ್ಪಿಗೆ ಬೇಕೆಂದು ಒಪ್ಪಂದ ಹೇಳುತ್ತಿತ್ತು. ನಮ್ಮಲ್ಲಿ ಅಂಥ ಅಖಿಲ ಭಾರತ ಸಂಸ್ಥೆಯೇ ಇರಲಿಲ್ಲ. 1920ರ ಅಕ್ಟೋಬರ್ 31ರಂದು ಬೊಂಬಾಯಿಯಲ್ಲಿ ಲಾಲಾ ಲಜಪತರಾಯರ ಅಧ್ಯಕ್ಷತೆಯಲ್ಲಿ ಅಖಿಲ ಭಾರತ ಟ್ರೇಡ್ ಯೂನಿಯನ್ ಕಾಂಗ್ರೆಸ್ (ಎಐಟಿಯುಸಿ) ಹುಟ್ಟಲು ಈ ಕೊರತೆಯೂ ಒಂದು ಮುಖ್ಯ ಕಾರಣ. ವರ್ಸೇಲ್ಸ್ ಒಪ್ಪಂದದ ಕಾಗದದಲ್ಲಿದ್ದ ಒಂದು ಷರತ್ತು ಗಿರಣಿ ಕಾರ್ಮಿಕರನ್ನು ಒಂದೇ ವೇದಿಕೆಗೆ ಕರೆತಂದದ್ದು ನನಗೆ ಈ ಕಸುಬಿನ ಅತ್ಯುತ್ತಮ ಫಲ ಎನಿಸುತ್ತದೆ.

ಈ ಒಡಂಬಡಿಕೆಗಳ ಹಿಂದೆ ಪೊಲೀಸರಿಲ್ಲ. ಒಪ್ಪಿದ ದೇಶ ವರದಿ ಕಳಿಸಬೇಕು. 1926ರಲ್ಲಿ ರೂಪುಗೊಂಡ ತಜ್ಞರ ಸಮಿತಿ ಅದನ್ನು ಓದಿ, ಎಲ್ಲಿ ತಪ್ಪಿದೆ ಎಂದು ಹೆಸರು ಹಿಡಿದು ಹೇಳುತ್ತದೆ. ಅಷ್ಟೆ. ಇದು ನಿಧಾನ, ಹಲವು ಬಾರಿ ಸಾಲದು. ಬ್ರಿಟನ್ ಮೊದಲನೇ ಒಡಂಬಡಿಕೆಯನ್ನು ಇಂದಿಗೂ ಒಪ್ಪಿಲ್ಲ. ಭಾರತ 1921ರ ಜುಲೈ 14ರಂದೇ ಒಪ್ಪಿತು. ಕಾರ್ಖಾನೆ ಕಾಯ್ದೆಯ 1922ರ ತಿದ್ದುಪಡಿ ಅರವತ್ತು ಗಂಟೆಯನ್ನು ಕಾನೂನಾಗಿಸಿತು, 1934ರ ಕಾಯ್ದೆ ವರ್ಷವಿಡೀ ನಡೆಯುವ ಕಾರ್ಖಾನೆಗಳಿಗೆ ಐವತ್ತನಾಲ್ಕಕ್ಕೆ ಇಳಿಸಿತು. ನಲವತ್ತೆಂಟು ಗಂಟೆಯ ಮಸೂದೆ ಮಂಡನೆಯಾದದ್ದು ಡಾ. ಅಂಬೇಡ್ಕರ್ ವೈಸ್‌ರಾಯ್ ಮಂಡಳಿಯ ಕಾರ್ಮಿಕ ಸದಸ್ಯರಾಗಿದ್ದಾಗ. 1946ರಲ್ಲಿ ಅದು ಕಾನೂನಾಯಿತು. ಕರ್ನಾಟಕ 2023ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು ದಿನದ ದುಡಿಮೆಯನ್ನು ಹನ್ನೆರಡು ಗಂಟೆಯವರೆಗೆ ಹಿಗ್ಗಿಸಲು ಅವಕಾಶ ಕೊಟ್ಟಾಗ ಕಾರ್ಮಿಕ ಸಂಘಗಳು ಪ್ರತಿಭಟಿಸಿದವು. ದಿನದ ಮಿತಿ ಸಡಿಲವಾದರೂ, ವಾರಕ್ಕೆ ನಲವತ್ತೆಂಟು ಗಂಟೆಯೆಂಬ ವಾಷಿಂಗ್ಟನ್ನಿನ ಅಂಕಿ ಆ ತಿದ್ದುಪಡಿಯಲ್ಲೂ ಹಾಗೇ ಉಳಿಯಿತು.