ಅಗಸಿಕಟ್ಟೆಯ ಮಾತು, ಕಾಯ್ದೆಯ ಮಾತು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳಲ್ಲಿ ಕೊಲೆ, ಹಲ್ಲೆ, ಅಪಘಾತ ನಡೆದಾಗ ಸರಕಾರದ ಪರಿಹಾರದ ಮಾತು ಬಂದೇ ಬರುತ್ತದೆ. ಅಗಸಿಕಟ್ಟೆಯ ಮೇಲೆ ಎಲ್ಲರೂ ವಕೀಲರೇ. ನಾವೂ ಬಹಳ ಕಾಲ ಆ ಮಾತುಗಳನ್ನೇ ನಂಬಿದ್ದೆವು.

ತಪ್ಪು ಕಲ್ಪನೆ: ಆರೋಪಿ ಸಿಕ್ಕು, ಕೋರ್ಟಿನಲ್ಲಿ ಶಿಕ್ಷೆಯಾದ ಮೇಲಷ್ಟೇ ನೊಂದವರಿಗೆ ಹಣ. ಆರೋಪಿಯೇ ಸಿಗದಿದ್ದರೆ ಆಸೆ ಬಿಡಬೇಕು.

ವಾಸ್ತವ: ಒಂದು ಕಾಲಕ್ಕೆ ಇದು ಹೆಚ್ಚುಕಡಿಮೆ ನಿಜವಿತ್ತು. ಅಪರಾಧಿ ಕಟ್ಟಿದ ದಂಡದಲ್ಲಿ ಒಂದು ಪಾಲು ಕೊಡಿಸುವುದೇ ಮುಖ್ಯ ದಾರಿಯಾಗಿತ್ತು. 2009ರ ಡಿಸೆಂಬರ್ 31ರಂದು ದಂಡ ಪ್ರಕ್ರಿಯಾ ಸಂಹಿತೆಯ 357ಎ ಕಲಂ ಜಾರಿಗೆ ಬಂದು ಲೆಕ್ಕ ಬದಲಾಯಿತು. ಕರ್ನಾಟಕ 2011ರಲ್ಲಿ ತನ್ನ ಸಂತ್ರಸ್ತರ ಪರಿಹಾರ ಯೋಜನೆ ರೂಪಿಸಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 396ನೇ ಕಲಂ ಇದನ್ನೇ ಮುಂದುವರಿಸಿದೆ. ಆರೋಪಿ ಪತ್ತೆಯಾಗದೆ ವಿಚಾರಣೆಯೇ ನಡೆಯದಿದ್ದರೂ ನೊಂದವರು ಅಥವಾ ಅವರ ಅವಲಂಬಿತರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು. ಪ್ರಾಧಿಕಾರ ಎರಡು ತಿಂಗಳಲ್ಲಿ ವಿಚಾರಣೆ ಮುಗಿಸಬೇಕು. ತಡವಾಗುವುದೇ ಇಲ್ಲ ಎಂದು ನಾವು ಹೇಳುತ್ತಿಲ್ಲ. ತಡವಾದಾಗ ತೋರಿಸಿ ಕೇಳಲು ಕಾನೂನಿನಲ್ಲೇ ಒಂದು ಗಡುವು ಇದೆ ಎನ್ನುತ್ತಿದ್ದೇವೆ.

ತಪ್ಪು ಕಲ್ಪನೆ: ವಾಹನ ಹಾಯಿಸಿ ಓಡಿಹೋದವನ ಗಾಡಿ ನಂಬರು ಗೊತ್ತಿಲ್ಲದಿದ್ದರೆ ಅದು ಹಣೆಬರಹ. ಕೇಸು ಹಾಕಿ ಏನೂ ಬರುವುದಿಲ್ಲ.

ವಾಸ್ತವ: ಕಿತ್ತೂರಿನ ಪಕ್ಕದಲ್ಲೇ ಪುಣೆ-ಬೆಂಗಳೂರು ಹೆದ್ದಾರಿ. ಹುಣ್ಣಿಮೆ ಬಂತೆಂದರೆ ಯಲ್ಲಮ್ಮನ ಗುಡ್ಡದ ದಾರಿಯಲ್ಲಿ ಕತ್ತಲಲ್ಲೂ ಜನ ನಡೆದಿರುತ್ತಾರೆ, ಚಕ್ಕಡಿ ಸಾಗಿರುತ್ತವೆ. ಇಂಥ ಕಡೆ ಈ ನಂಬಿಕೆ ಬಹಳ ನಷ್ಟ ಮಾಡುತ್ತದೆ. ಗುದ್ದಿ ಓಡಿದ ವಾಹನ ಪತ್ತೆಯಾಗದ ಪ್ರಕರಣಗಳಿಗೆಂದೇ ಕೇಂದ್ರ ಸರಕಾರದ ಪ್ರತ್ಯೇಕ ಯೋಜನೆ ಇದೆ. 2022ರ ಏಪ್ರಿಲ್ 1ರಿಂದ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ ರೂಪಾಯಿ. ಅದಕ್ಕೂ ಮೊದಲು ಸಿಗುತ್ತಿದ್ದುದು 25 ಸಾವಿರ ಮತ್ತು 12,500. ಅರ್ಜಿ ಹೋಗುವುದು ಪೊಲೀಸರಿಗಲ್ಲ, ವಿಮಾ ಏಜೆಂಟರಿಗೂ ಅಲ್ಲ. ಅಪಘಾತ ನಡೆದ ತಾಲ್ಲೂಕು ಅಥವಾ ಉಪವಿಭಾಗದ ಕ್ಲೇಮು ವಿಚಾರಣಾಧಿಕಾರಿಗೆ, ಅಂದರೆ ತಹಶೀಲ್ದಾರ್ ಇಲ್ಲವೆ ಎಸಿ ಮಟ್ಟದ ಕಂದಾಯ ಅಧಿಕಾರಿಗೆ. ಮಂಜೂರು ಮಾಡುವವರು ಜಿಲ್ಲಾಧಿಕಾರಿ. ಆದರೆ ಎಫ್‌ಐಆರ್ ಇಲ್ಲದೆ, ಮರಣೋತ್ತರ ಪರೀಕ್ಷೆ ಇಲ್ಲದೆ ಊರಲ್ಲೇ ಮಣ್ಣು ಕೊಟ್ಟುಬಿಟ್ಟರೆ ಅಪಘಾತ ನಡೆದದ್ದಕ್ಕೇ ದಾಖಲೆ ಉಳಿಯುವುದಿಲ್ಲ. ಹಣೆಬರಹ ಎಂದು ಸುಮ್ಮನಾದ ಮನೆಗಳು ಸೋಲುವುದು ಇಲ್ಲಿ.

ತಪ್ಪು ಕಲ್ಪನೆ: ಅದು ಹೆಣದ ರೊಕ್ಕ. ತಗೊಂಡರೆ ಮನೆಗೆ ಹತ್ತುವುದಿಲ್ಲ, ಸತ್ತವರ ಆತ್ಮಕ್ಕೆ ಶಾಂತಿ ಸಿಗುವುದಿಲ್ಲ.

ವಾಸ್ತವ: ಇದನ್ನು ನಕ್ಕು ತಳ್ಳಿಹಾಕುವುದು ಸರಿಯಲ್ಲ. ಸತ್ತವರನ್ನು ಮಾರಿಕೊಂಡರು ಎಂದು ಊರು ಆಡಿಕೊಂಡೀತು ಎಂಬ ಅಂಜಿಕೆ ಇದರ ಹಿಂದಿದೆ; ಅದರಲ್ಲಿ ಮರ್ಯಾದೆಯೂ ಇದೆ. ಆದರೆ ಕಾನೂನು ಈ ಹಣವನ್ನು ಜೀವದ ಬೆಲೆ ಎಂದು ಎಲ್ಲಿಯೂ ಕರೆದಿಲ್ಲ. ನಷ್ಟಕ್ಕೆ ಒಳಗಾಗಿ ಪುನರ್ವಸತಿ ಬೇಕಾದವರಿಗೆ ಎಂದಷ್ಟೇ ಹೇಳುತ್ತದೆ. ಸತ್ತವರ ಲೆಕ್ಕ ಅಲ್ಲಿಲ್ಲ, ಉಳಿದವರ ಲೆಕ್ಕ ಇದೆ. ದುಡಿಯುವ ಕೈ ಹೋದ ಮೇಲೆ ಆಸ್ಪತ್ರೆಗೆಂದು ಮಾಡಿದ ಸಾಲದ ಬಡ್ಡಿ ನಿಲ್ಲುವುದಿಲ್ಲ, ಮಕ್ಕಳ ಸಾಲಿ ಖರ್ಚೂ ನಿಲ್ಲುವುದಿಲ್ಲ.

ತಪ್ಪು ಕಲ್ಪನೆ: ಪರಿಹಾರ ತಗೊಂಡರೆ ಕೇಸು ರಾಜಿಯಾದಂತೆ.

ವಾಸ್ತವ: ಹಿರಿಯರ ಸಮ್ಮುಖದಲ್ಲಿ ಆರೋಪಿಯ ಕಡೆಯವರು ಕೊಡುವ ಹಣ ಬೇರೆ, ಸರಕಾರ ಕೊಡುವ ಪರಿಹಾರ ಬೇರೆ. ಕೊಲೆ, ಅತ್ಯಾಚಾರದಂಥ ಪ್ರಕರಣಗಳನ್ನು ನಡೆಸುವುದು ಸರಕಾರವೇ. ಕಾನೂನು ಅವುಗಳಿಗೆ ರಾಜಿಯ ಅವಕಾಶ ಕೊಟ್ಟಿಲ್ಲ. ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯಕ್ಕೆ ಸಿಗುವ ನೆರವನ್ನೇ ನೋಡಿ. 2016ರ ತಿದ್ದುಪಡಿ ನಿಯಮಗಳಂತೆ ಅದು 85 ಸಾವಿರದಿಂದ 8.25 ಲಕ್ಷದವರೆಗೆ ಇದೆ. ಜಾತಿ ನಿಂದನೆ, ಅವಮಾನದಂಥ ಪ್ರಕರಣಗಳಲ್ಲಿ ಶೇ 25 ಎಫ್‌ಐಆರ್ ಹಂತದಲ್ಲಿ, ಶೇ 50 ದೋಷಾರೋಪ ಪಟ್ಟಿ ಕೋರ್ಟಿಗೆ ಹೋದಾಗ, ಉಳಿದದ್ದು ಶಿಕ್ಷೆಯಾದಾಗ. ಪರಿಹಾರವೇ ರಾಜಿಯಾಗಿದ್ದರೆ ಮೊದಲ ಕಂತಿಗೇ ಕೇಸು ಮುಗಿಯಬೇಕಿತ್ತು.

ತಪ್ಪು ಕಲ್ಪನೆ: ಮಂಜೂರಾದ ಹಣದಲ್ಲಿ ಮುಕ್ಕಾಲು ಪಾಲು ಅಧಿಕಾರಿಗಳೇ ನುಂಗುತ್ತಾರೆ.

ವಾಸ್ತವ: ಲಂಚದ ಅನುಭವ ಇರುವ ನಾಡಿನಲ್ಲಿ ಈ ಗುಮಾನಿ ಹುಟ್ಟಿದ್ದು ಆಶ್ಚರ್ಯವಲ್ಲ. ಆದರೆ ಈ ಮುಕ್ಕಾಲರ ಲೆಕ್ಕಕ್ಕೆ ಬೇರೆ ಕಾರಣವೂ ಇದೆ. ನೊಂದ ಮಹಿಳೆಯರಿಗಾಗಿ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ ರೂಪಿಸಿ, ಸುಪ್ರೀಂ ಕೋರ್ಟ್ ಒಪ್ಪಿದ 2018ರ ಯೋಜನೆಯಲ್ಲಿ ಶೇ 75 ಹಣವನ್ನು ಕನಿಷ್ಠ ಮೂರು ವರ್ಷ ಸಂತ್ರಸ್ತೆಯ ಹೆಸರಿನಲ್ಲೇ ಮುದ್ದತಿ ಠೇವಣಿ ಇಡಬೇಕು; ಕೈಗೆ ಬರುವುದು ಶೇ 25. ಬಂದ ಹಣವನ್ನು ನೆಂಟರು, ಸಾಲಗಾರರು ಹಂಚಿಕೊಳ್ಳದಿರಲಿ ಎಂಬುದು ಉದ್ದೇಶ. ಓದು, ಔಷಧೋಪಚಾರದ ಅಗತ್ಯವಿದ್ದರೆ ನಡುವೆ ತೆಗೆಯಲು ಅವಕಾಶವಿದೆ. ಪಾಸ್‌ಬುಕ್ ಜೊತೆ ಠೇವಣಿ ರಸೀದಿಯನ್ನೂ ಕೇಳಿ ನೋಡಿದರೆ ಅರ್ಧ ಅನುಮಾನ ಅಲ್ಲೇ ತೀರುತ್ತದೆ.

ತಪ್ಪು ಕಲ್ಪನೆ: ಅರ್ಜಿ ಹಾಕಲು ಬೆಳಗಾವಿಯ ದೊಡ್ಡ ವಕೀಲರೇ ಬೇಕು. ಪುಕ್ಕಟೆ ವಕೀಲರು ಕಡುಬಡವರಿಗಷ್ಟೇ.

ವಾಸ್ತವ: ಎರಡೂ ಸುಳ್ಳು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲಿ ಮಹಿಳೆಯರು, ಮಕ್ಕಳು, ಪರಿಶಿಷ್ಟರು, ಅಂಗವಿಕಲರಿಗೆ ಆದಾಯದ ಮಿತಿಯೇ ಇಲ್ಲ. ಬೈಲಹೊಂಗಲ, ಸವದತ್ತಿ, ರಾಮದುರ್ಗದವರು ತಮ್ಮ ಊರಿನ ಕೋರ್ಟಿನ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲೇ ವಿಚಾರಿಸಬಹುದು. 15100ಕ್ಕೆ ಫೋನು ಮಾಡಿದರೂ ದಾರಿ ಹೇಳುತ್ತಾರೆ.

ತಪ್ಪು ಕಲ್ಪನೆ: ಪೊಲೀಸರು ಬಂದು ಬರೆದುಕೊಳ್ಳುವವರೆಗೆ ಆಸ್ಪತ್ರೆಯವರು ಮುಟ್ಟುವುದಿಲ್ಲ.

ವಾಸ್ತವ: ಅತ್ಯಾಚಾರ ಮತ್ತು ಆ್ಯಸಿಡ್ ದಾಳಿಗೆ ಒಳಗಾದವರಿಗೆ ಸರಕಾರಿಯಾಗಲಿ ಖಾಸಗಿಯಾಗಲಿ, ಎಲ್ಲ ಆಸ್ಪತ್ರೆಗಳೂ ತಕ್ಷಣ, ಪುಕ್ಕಟೆ ಚಿಕಿತ್ಸೆ ಕೊಡಬೇಕು. ಪೊಲೀಸರಿಗೆ ತಿಳಿಸುವುದು ಆಸ್ಪತ್ರೆಯ ಕೆಲಸ, ಗಾಯಗೊಂಡವರ ಮನೆಯವರದಲ್ಲ. ಹೊಸ ಸಂಹಿತೆಯ 397ನೇ ಕಲಂ ಇದನ್ನು ಹೇಳುತ್ತದೆ. ಚಿಕಿತ್ಸೆ ನಿರಾಕರಿಸಿದ ಆಸ್ಪತ್ರೆಯ ಹೊಣೆ ಹೊತ್ತವರಿಗೆ ಭಾರತೀಯ ನ್ಯಾಯ ಸಂಹಿತೆಯ 200ನೇ ಕಲಂ ಪ್ರಕಾರ ಒಂದು ವರ್ಷದವರೆಗೆ ಜೈಲು, ಇಲ್ಲವೆ ದಂಡ, ಇಲ್ಲವೆ ಎರಡೂ.