ಅಂಗಡಿಯ ಚೌಕಕ್ಕೆ ನಮ್ಮ ನುಡಿಯ ಚೌಕಟ್ಟು

ಸೇಲಂ ಎಂದೊಡನೆ ನಮ್ಮ ಕಡೆಯವರಿಗೆ ಮಾವಿನಹಣ್ಣು ಮತ್ತು ಉಕ್ಕಿನ ಕಾರ್ಖಾನೆ ನೆನಪಾಗುತ್ತವೆ. ಧರ್ಮಪುರಿ ಎಂದರೆ ಹೊಗೆನಕಲ್ ಜಲಪಾತ. ತಮಿಳುನಾಡಿನ ಆ ಎರಡು ಜಿಲ್ಲೆಗಳಲ್ಲಿ ನಮ್ಮಂತೆಯೇ ಮನೆಯೊಳಗೆ ಕನ್ನಡವನ್ನೂ ಹೊಸ್ತಿಲಾಚೆ ಬೇರೊಂದು ನುಡಿಯನ್ನೂ ಆಡುವ ಕುಟುಂಬಗಳಿವೆ ಎಂಬುದು ಅನೇಕರಿಗೆ ತಿಳಿಯದು. ಸೇಲಂ ಪೇಟೆಯ ನೇಕಾರ ದೇವಾಂಗರಲ್ಲಿ ಕನ್ನಡ ಮನೆಮಾತಿನವರು ತಲೆಮಾರುಗಳಿಂದ ನೆಲೆಸಿದ್ದಾರೆ. 1965ರಲ್ಲಿ ಸೇಲಂನಿಂದ ಬೇರೆಯಾದ ಧರ್ಮಪುರಿಯಲ್ಲಿಯೂ, 2004ರಲ್ಲಿ ಧರ್ಮಪುರಿಯಿಂದ ಬೇರೆಯಾದ ಕೃಷ್ಣಗಿರಿಯಲ್ಲಿಯೂ ಕನ್ನಡದ ಹಳ್ಳಿಗಳಿವೆ. ಹೊಗೆನಕಲ್ ಎಂಬ ಹೆಸರೇ ಕನ್ನಡದ್ದು. ಹೊಗೆಯಾಡುವ ಕಲ್ಲು ಎಂದರ್ಥ.

ಈಗಿನ ಧರ್ಮಪುರಿಯ ಹಳೆಯ ಹೆಸರು ತಗಡೂರು. 9ನೆಯ ಶತಮಾನದಲ್ಲಿ ಅದು ನೊಳಂಬ ಅರಸರ ಕೈಯಲ್ಲಿತ್ತು. ಆ ಕಾಲದ ಕನ್ನಡ ಶಾಸನಗಳು ಅಲ್ಲಿ ದೊರೆತಿವೆ. ನಿಧಿಯಣ್ಣ, ಚಂಡಿಯಣ್ಣ ಎಂಬ ವರ್ತಕ ಮನೆತನದ ಸೋದರರು ತಗಡೂರಿನಲ್ಲಿ ಬಸದಿಯನ್ನು ಕಟ್ಟಿಸಿದ ಸಂಗತಿ ಅವುಗಳಲ್ಲಿ ಬರುತ್ತದೆ. ಹಾಗೆಂದರೆ ಸಾವಿರದ ನೂರು ವರ್ಷಗಳ ಹಿಂದೆಯೇ ಆ ಊರಿನ ವ್ಯಾಪಾರಸ್ಥರ ಹೆಸರು ಕನ್ನಡದ ಅಕ್ಷರಗಳಲ್ಲಿ ಕಲ್ಲಿನ ಮೇಲೆ ಮೂಡಿತ್ತು. ಇಂದಿನ ಸಣ್ಣ ವ್ಯಾಪಾರಸ್ಥನ ಹೆಸರನ್ನು ಎಲ್ಲಿ ಹುಡುಕಬೇಕು? ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ನಿಂತಿರುವ ಒಂದು ಚಿಕ್ಕ ಫಲಕದಲ್ಲಿ. ಅದರ ನಡುವೆ ಕಪ್ಪು ಬಿಳುಪಿನ ಚೌಕವೊಂದಿರುತ್ತದೆ. ಅದುವೇ ಕ್ಯೂಆರ್ ಕೋಡ್. ಧರ್ಮಪುರಿಯ ಎಳನೀರಿನ ಗಾಡಿಯಿಂದ ಹಿಡಿದು ನಮ್ಮ ಕುಂಬಳೆಯ ಗೂಡಂಗಡಿಯ ತನಕ ಇಂದು ಅದಿಲ್ಲದೆ ವ್ಯಾಪಾರ ನಡೆಯುವುದು ಕಷ್ಟ. ಆ ಫಲಕವನ್ನು ನಾವೇ ಮಾಡಿಕೊಳ್ಳುವುದು ಹೇಗೆ, ಅದರ ಮೇಲೆ ಯಾವ ನುಡಿಯಲ್ಲಿ ಏನನ್ನು ಬರೆಯಬೇಕು ಎಂಬುದೇ ಈ ಲೇಖನದ ವಿಷಯ.

ಚೌಕದ ಹುಟ್ಟು

ಈ ಚೌಕ ಹುಟ್ಟಿದ್ದು ಹಣದ ವ್ಯವಹಾರಕ್ಕಾಗಿ ಅಲ್ಲ. 1994ರಲ್ಲಿ ಜಪಾನಿನ ಡೆನ್ಸೊ ಕಂಪನಿಯಲ್ಲಿ ಮಸಾಹಿರೊ ಹಾರಾ ಮತ್ತು ಅವರ ಸಂಗಡಿಗರು ಮೋಟಾರು ಬಿಡಿಭಾಗಗಳ ಲೆಕ್ಕವನ್ನು ಬೇಗ ಓದಿಸುವುದಕ್ಕಾಗಿ ಇದನ್ನು ಕಂಡುಹಿಡಿದರು. ಕಪ್ಪು ಬಿಳಿ ಕಾಯಿಗಳ ‘ಗೋ’ ಎಂಬ ಅಲ್ಲಿಯ ಮಣೆಯಾಟ ಅವರಿಗೆ ಇದರ ಹೊಳಹನ್ನು ಕೊಟ್ಟಿತು. ಮೂರು ಮೂಲೆಗಳಲ್ಲಿರುವ ದೊಡ್ಡ ಚೌಕಗಳು ಫೋನಿನ ಕ್ಯಾಮರಾಕ್ಕೆ ‘ಇಲ್ಲಿದ್ದೇನೆ, ಈ ದಿಕ್ಕಿನಲ್ಲಿದ್ದೇನೆ’ ಎಂದು ತಿಳಿಸುತ್ತವೆ. ಉಳಿದ ಚುಕ್ಕೆಗಳಲ್ಲಿ ವಿಷಯ ಅಡಗಿರುತ್ತದೆ. ಸ್ವಲ್ಪ ಭಾಗ ಹರಿದರೂ, ಕೊಳೆಯಾದರೂ ಓದಿಗೆ ಸಿಗುವಂತೆ ಒಂದೇ ವಿಷಯವನ್ನು ಕಾಪಾಡುವ ಹೆಚ್ಚಿನ ಚುಕ್ಕೆಗಳೂ ಅದರಲ್ಲಿವೆ. ತಯಾರಿಸಿದ ಮಟ್ಟಕ್ಕೆ ಅನುಸಾರವಾಗಿ ಶೇಕಡಾ 7ರಿಂದ 30ರಷ್ಟು ಹಾನಿಯನ್ನು ಅದು ತಾಳಿಕೊಳ್ಳಬಲ್ಲುದು.

ನಮ್ಮ ದೇಶದಲ್ಲಿ ಫೋನಿನಿಂದ ಫೋನಿಗೆ ಹಣ ಸಾಗಿಸುವ ಯುಪಿಐ ವ್ಯವಸ್ಥೆ 2016ರಲ್ಲಿ ಬಂದಿತು. ಅದೇ ವರ್ಷ ನವೆಂಬರ 8ರಂದು ದೊಡ್ಡ ನೋಟುಗಳು ರದ್ದಾದವು. ಡಿಸೆಂಬರ 30ರಂದು ಭೀಮ್ ಆ್ಯಪ್ ಬಿಡುಗಡೆಯಾಯಿತು. ಅನಂತರ ಒಂದೊಂದು ಕಂಪನಿಯೂ ತನ್ನದೇ ಫಲಕವನ್ನು ಅಂಗಡಿಗಳಿಗೆ ಹಂಚಿತು. ಸಣ್ಣ ಅಂಗಡಿಯ ಮೇಜಿನಲ್ಲಿ ಮೂರು ನಾಲ್ಕು ಫಲಕಗಳು ಸಾಲಾಗಿ ನಿಂತುದನ್ನು ನಾವೆಲ್ಲ ಕಂಡಿದ್ದೇವೆ. 2020ರ ಅಕ್ಟೋಬರ 22ರಂದು ರಿಸರ್ವ್ ಬ್ಯಾಂಕು ಒಂದು ಸುತ್ತೋಲೆ ಹೊರಡಿಸಿತು. ಒಂದೇ ಕಂಪನಿಯ ಆ್ಯಪ್‌ಗೆ ಮಾತ್ರ ಸೀಮಿತವಾದ ಹೊಸ ಚೌಕಗಳನ್ನು ತರಕೂಡದು, ಹಳೆಯವನ್ನು 2022ರ ಮಾರ್ಚ್ 31ರೊಳಗೆ ಎಲ್ಲ ಆ್ಯಪ್‌ಗಳಿಗೂ ಹೊಂದುವಂತೆ ಮಾಡಬೇಕು ಎಂದು ಅದು ವಿಧಿಸಿತು. ಆದುದರಿಂದ ಈಗ ಅಂಗಡಿಗೆ ಒಂದೇ ಚೌಕ ಸಾಕು. ಆ ಒಂದು ಚೌಕ ಕಂಪನಿಯ ಬಣ್ಣದ ಪ್ಲಾಸ್ಟಿಕ್ ಫಲಕದಲ್ಲಿಯೇ ಇರಬೇಕೆಂಬ ನಿಯಮವೂ ಇಲ್ಲ. ಚುಕ್ಕೆಗಳು ಸರಿಯಾಗಿದ್ದರೆ ಬಿಳಿ ಕಾಗದದ ಮೇಲೆ ಮುದ್ರಿಸಿದರೂ ನಡೆಯುತ್ತದೆ.

ಮನೆಯಲ್ಲೇ ಮಾಡುವ ಬಗೆ

ಮೊದಲು ಚೌಕದ ಚಿತ್ರವನ್ನು ನಿಮ್ಮ ಬ್ಯಾಂಕಿನ ಅಥವಾ ನೀವು ಬಳಸುವ ಆ್ಯಪ್‌ನಿಂದಲೇ ಇಳಿಸಿಕೊಳ್ಳಿರಿ. ಅಪರಿಚಿತರಿಂದ ಮಾಡಿಸಿಕೊಳ್ಳುವುದು ಬೇಡ. ಗೋಡೆಯ ಮೇಲಿನ ಹಳೆಯ ಫಲಕದ ಓರೆಯಾದ ಫೋಟೋ ತೆಗೆದು ಮುದ್ರಿಸುವುದೂ ಬೇಡ.

ಒಂದು ಗಟ್ಟಿಯಾದ ಎ-4 ಕಾಗದವನ್ನು ಉದ್ದಕ್ಕೆ ಎರಡು ಹೋಳು ಮಾಡಿದರೆ 105 ಮಿಲಿಮೀಟರ್ ಅಗಲದ ಎರಡು ಪಟ್ಟಿಗಳು ದೊರೆಯುತ್ತವೆ, ಎರಡು ಫಲಕಗಳಾಗುತ್ತವೆ. ಪಟ್ಟಿಯ ಉದ್ದ 297 ಮಿಲಿಮೀಟರ್. ಅದರಲ್ಲಿ 120 ಮುಂಭಾಗಕ್ಕೆ, 120 ಹಿಂಭಾಗಕ್ಕೆ, 40 ಅಡಿಗೆ, ಉಳಿದ 17 ಅಂಟಿಸುವ ಮಡಿಕೆಗೆ. ಗೆರೆ ಎಳೆದು, ಸ್ಕೇಲನ್ನು ಒತ್ತಿಹಿಡಿದು ಮಡಿಸಿ, ಕೊನೆಯ ಮಡಿಕೆಯನ್ನು ಮುಂಭಾಗದ ಕೆಳ ಅಂಚಿನ ಒಳಬದಿಗೆ ಅಂಟಿಸಿದರೆ ಡೇರೆಯ ಆಕಾರದ ಫಲಕ ಮೇಜಿನ ಮೇಲೆ ತಾನಾಗಿ ನಿಲ್ಲುತ್ತದೆ. ಅಡಿಯೊಳಗೆ ನಾಲ್ಕು ಹುಣಸೆಬೀಜವನ್ನೋ ಒಂದು ಚಪ್ಪಟೆ ಕಲ್ಲನ್ನೋ ಇಟ್ಟರೆ ಫ್ಯಾನಿನ ಗಾಳಿಗೆ ಹಾರದು. ಎರಡೂ ಬದಿಯಲ್ಲಿ ಮುದ್ರಿಸುವುದಾದರೆ ಹಿಂಬದಿಯ ಅಕ್ಷರಗಳು ಕಾಗದದ ಮೇಲೆ ತಲೆಕೆಳಗಾಗಿರಬೇಕು. ಮಡಿಸಿದಾಗ ಅವು ನೆಟ್ಟಗಾಗುತ್ತವೆ. ಏಳನೆಯ ತರಗತಿಯ ಮಕ್ಕಳೂ ಅರ್ಧ ಗಂಟೆಯಲ್ಲಿ ಮಾಡಬಹುದಾದ ಕೆಲಸ ಇದು. ಅಳತೆ ಮತ್ತು ತ್ರಿಕೋನದ ಪಾಠವೂ ಆಗುತ್ತದೆ.

ಚೌಕವು ಒಂದೊಂದು ಬದಿಗೆ 70 ಮಿಲಿಮೀಟರ್ ಇದ್ದರೆ ಕೈಯಳತೆಯ ದೂರದಿಂದ ಸುಲಭವಾಗಿ ಓದಿಗೆ ಸಿಗುತ್ತದೆ. ಸುತ್ತಲೂ ಸುಮಾರು 10 ಮಿಲಿಮೀಟರ್ ಜಾಗ ಬರಿಯ ಬಿಳಿಯಾಗಿಯೇ ಉಳಿಯಬೇಕು. ಹೂಬಳ್ಳಿಯ ಅಂಚು ಚೆಂದವೆಂದು ಚೌಕಕ್ಕೆ ತಾಗಿಸಿದರೆ ಕ್ಯಾಮರಾ ತಡಕಾಡುತ್ತದೆ. ಬಿಳಿಯ ಮೇಲೆ ಕಪ್ಪೇ ಉತ್ತಮ. ಚೌಕದ ನಡುವೆ ದೇವರ ಪಟ ಹಾಕುವ ಆಸೆ ಕೆಲವರಿಗೆ ಇರುತ್ತದೆ. ಪಟಕ್ಕೆ ಚೌಕದ ಹೊರಗೆ, ಮೇಲ್ಭಾಗದಲ್ಲಿ ಜಾಗ ಕೊಡುವುದು ಕ್ಷೇಮ. ಹೊಳೆಯುವ ಲ್ಯಾಮಿನೇಶನಿನ ಮೇಲೆ ದೀಪದ ಬೆಳಕು ಬಿದ್ದರೆ ಓದು ಕೆಡುತ್ತದೆ. ಹೊಗೆನಕಲ್ಲಿನ ಮೀನು ಹುರಿಯುವವರಂತೆ, ಹರಿಗೋಲು ನಡೆಸುವವರಂತೆ ನೀರಿನ ಪಕ್ಕದಲ್ಲೇ ದುಡಿಯುವವರಿಗೆ ಮಂಕಾದ ಪ್ಲಾಸ್ಟಿಕ್ ಹೊದಿಕೆ ಒಳ್ಳೆಯದು.

ಫಲಕ ಸಿದ್ಧವಾದ ಮೇಲೆ ಬೇರೆ ಬೇರೆ ಆ್ಯಪ್‌ಗಳಿರುವ ಮೂರು ಫೋನುಗಳಿಂದ ಒಂದೊಂದು ರೂಪಾಯಿ ಕಳುಹಿಸಿ ಪರೀಕ್ಷಿಸಿರಿ. ನಿಮ್ಮ ಯುಪಿಐ ವಿಳಾಸದಲ್ಲಿ ಫೋನ್ ನಂಬ್ರವೇ ಇದ್ದರೆ, ಹಣ ಕೊಡುವ ಪ್ರತಿಯೊಬ್ಬರಿಗೂ ಆ ನಂಬ್ರ ಕಾಣುತ್ತದೆ ಎಂಬುದನ್ನು ಮರೆಯಬಾರದು. ಒಬ್ಬಂಟಿಯಾಗಿ ಅಂಗಡಿ ನಡೆಸುವ ತಾಯಂದಿರು, ಅಕ್ಕಂದಿರು ನಂಬ್ರವಿಲ್ಲದ ಬೇರೆ ವಿಳಾಸವನ್ನು ಮಾಡಿಸಿಕೊಳ್ಳುವುದು ಲೇಸು.

ಯಾವ ಸಾಲು, ಯಾವ ನುಡಿಯಲ್ಲಿ?

ಇಷ್ಟು ಕೈಕೆಲಸವಾಯಿತು. ಇನ್ನು ಮುಖ್ಯ ವಿಷಯ.

ಚೌಕವನ್ನು ಮನುಷ್ಯರು ಯಾರೂ ಕಣ್ಣಿನಿಂದ ಓದಲಾರರು. ಪಂಡಿತನಿಗೂ ಪಾಮರನಿಗೂ ಅದು ಒಂದೇ. ಈ ಅಂಧತ್ವವನ್ನೇ ಕಳ್ಳರು ಬಳಸಿಕೊಳ್ಳುತ್ತಾರೆ. 2025ರ ಜನವರಿಯಲ್ಲಿ ಮಧ್ಯಪ್ರದೇಶದ ಖಜುರಾಹೊದಲ್ಲಿ ರಾತ್ರೋರಾತ್ರಿ ಹಲವು ಅಂಗಡಿಗಳ ಚೌಕಗಳ ಮೇಲೆ ಕಳ್ಳರು ತಮ್ಮ ಚೌಕಗಳನ್ನು ಅಂಟಿಸಿಹೋದರು. ಗಿರಾಕಿಗಳು ಕೊಟ್ಟ ಹಣ ಬೇರೆಯವರ ಖಾತೆಗೆ ಹೋಯಿತು. ಪರದೆಯ ಮೇಲೆ ಬೇರೆ ಹೆಸರು ಬರುತ್ತಿದೆಯೆಂದು ಗಿರಾಕಿಗಳು ಹೇಳಿದಾಗಲೇ ಗುಟ್ಟು ಹೊರಬಿತ್ತು. ಹಣವನ್ನು ಕಾಪಾಡಿದ್ದು ಚುಕ್ಕೆಗಳಲ್ಲ, ಓದಬಲ್ಲ ಒಂದು ಹೆಸರು.

ಆದುದರಿಂದ ಫಲಕದ ಮೇಲೆ ಚೌಕಕ್ಕಿಂತ ಬೆಲೆಬಾಳುವ ಸಾಲೊಂದು ಇರಬೇಕು: ‘ಹಣ ಕಳುಹಿಸುವ ಮೊದಲು ಪರದೆಯಲ್ಲಿ ಈ ಹೆಸರು ಇದೆಯೇ ನೋಡಿರಿ.’ ಅದರ ಕೆಳಗೆ, ಪರದೆಯಲ್ಲಿ ಹೇಗೆ ಬರುತ್ತದೆಯೋ ಹಾಗೆಯೇ, ಖಾತೆದಾರರ ಹೆಸರು. ನಮ್ಮ ಊರುಗಳಲ್ಲಿ ಅಂಗಡಿಗೆ ದೇವರ ಹೆಸರು, ಪರವಾನಗಿ ಮಾವನ ಹೆಸರಿನಲ್ಲಿ, ಬ್ಯಾಂಕಿನ ಖಾತೆ ಸೊಸೆಯ ಹೆಸರಿನಲ್ಲಿ ಇರುವುದು ಅಪರೂಪವಲ್ಲ. ಗಿರಾಕಿಗೆ ಇದನ್ನು ಮೊದಲೇ ತಿಳಿಸದಿದ್ದರೆ ಅಸಲಿ ಹೆಸರನ್ನು ಕಂಡು ಸಂಶಯ, ನಕಲಿ ಹೆಸರನ್ನು ಕಂಡು ಉದಾಸೀನ, ಎರಡೂ ಆಗುತ್ತವೆ.

ಆ ಎಚ್ಚರಿಕೆಯ ಸಾಲು ಓದುವವನ ನುಡಿಯಲ್ಲಿ ಇದ್ದರೆ ಮಾತ್ರ ಅದಕ್ಕೆ ಬೆಲೆ. ಹೊಗೆನಕಲ್ಲಿಗೆ ಬೆಂಗಳೂರಿನ ಕಡೆಯಿಂದ ಬರುವ ಪ್ರವಾಸಿಗಳಿಗೆ ತಮಿಳು ಅಕ್ಷರ ತಿಳಿಯದು. ಅಲ್ಲಿ ತಮಿಳಿನ ಕೆಳಗೆ ಒಂದು ಕನ್ನಡ ಸಾಲಿದ್ದರೆ ಮಾರುವವನಿಗೂ ಕೊಳ್ಳುವವನಿಗೂ ಪ್ರಯೋಜನ. ಸೇಲಂನ ನೇಕಾರರ ಬೀದಿಯ ಸ್ಥಿತಿ ಬೇರೆ. ಅಲ್ಲಿ ಗಿರಾಕಿಗಳು ತಮಿಳರು. ಕನ್ನಡ ಮನೆಮಾತಿನ ಅನೇಕರು ತಮಿಳು ಶಾಲೆಯಲ್ಲಿ ಕಲಿತವರು, ನಾಲಿಗೆಯಲ್ಲಿ ಕನ್ನಡವಿದ್ದರೂ ಕಣ್ಣಿಗೆ ಅದರ ಅಕ್ಷರದ ಗುರುತಿಲ್ಲ. ಅಲ್ಲಿ ಹಣವನ್ನು ಕಾಯುವ ಸಾಲು ತಮಿಳಿನಲ್ಲಿಯೇ ಇರಬೇಕು. ಹಟಕ್ಕಾಗಿ ಕನ್ನಡದಲ್ಲಿ ಬರೆದು ಯಾರೂ ಓದದಿದ್ದರೆ ನಷ್ಟ ನಮ್ಮದೇ. ಆದರೆ ಅಂಗಡಿಯ ಹೆಸರನ್ನು ಪಕ್ಕದಲ್ಲಿ ಕನ್ನಡದಲ್ಲಿಯೂ ಬರೆದಿಟ್ಟರೆ, ದಿನವೂ ಗಲ್ಲದ ಬಳಿ ಕುಳಿತುಕೊಳ್ಳುವ ಮಗುವಿಗೆ ಏಳೆಂಟು ಅಕ್ಷರಗಳು ತಾವಾಗಿ ಪರಿಚಯವಾಗುತ್ತವೆ. ಹೆಸರಿನಷ್ಟು ಸುಲಭವಾದ ಮೊದಲ ಪಾಠ ಬೇರೆ ಇಲ್ಲ.

ನಮ್ಮ ಸ್ಥಿತಿ ಇವೆರಡರ ನಡುವಿನದು. 1956ರ ನವೆಂಬರ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೂ ನಮ್ಮ ಮಕ್ಕಳಿಗೆ ಕನ್ನಡ ಶಾಲೆಗಳು ಉಳಿದವು. ಮಾತು ಮಾತ್ರವಲ್ಲ, ಅಕ್ಷರವೂ ಕೈಯಲ್ಲಿದೆ. ಹೀಗಿದ್ದೂ ಮೇಜಿನ ಮೇಲೆ ಕಂಪನಿ ಕೊಟ್ಟ ಫಲಕವೇ ಇದ್ದರೆ ಅದರಲ್ಲಿ ಕಂಪನಿಯ ಹೆಸರು ದೊಡ್ಡದು, ಅಂಗಡಿಯ ಹೆಸರು ಸಣ್ಣದು, ಕನ್ನಡ ಹೆಚ್ಚಾಗಿ ಇಲ್ಲವೇ ಇಲ್ಲ. ಮಲಯಾಳ ಓದುವ ಗಿರಾಕಿಗೆ ಮಲಯಾಳದ ಸಾಲು, ಕನ್ನಡ ಓದುವ ಅಜ್ಜ ಅಜ್ಜಿಯರಿಗೆ ಕನ್ನಡದ ಸಾಲು, ಎರಡೂ ಇರಲಿ. ಇದರಲ್ಲಿ ಯಾರೊಡನೆಯೂ ಜಗಳವಿಲ್ಲ. ಸರಕಾರದ ಅಪ್ಪಣೆಗೆ ಕಾಯಬೇಕಾಗಿಲ್ಲ, ಮನವಿ ಬರೆಯಬೇಕಾಗಿಲ್ಲ. ಒಂದು ಹಾಳೆ ಕಾಗದ ಸಾಕು.

ದಿನನಿತ್ಯದ ಎಚ್ಚರ

ಫಲಕವನ್ನು ಮೇಜಿನ ಒಳಬದಿಗೆ, ನಿಮ್ಮ ಕಣ್ಣಳತೆಯಲ್ಲಿ ಇಡಿರಿ. ರಾತ್ರಿ ಬಾಗಿಲು ಹಾಕುವಾಗ ಒಳಗೆ ತೆಗೆದಿಡಿರಿ. ಬೆಳಿಗ್ಗೆ ದೀಪ ಹಚ್ಚಿದ ಮೇಲೆ ಅದರ ಮೇಲೆ ಬೆರಳಾಡಿಸಿ ನೋಡಿರಿ. ಇನ್ನೊಂದು ಚೀಟಿ ಅಂಟಿಸಿದ್ದರೆ ಅಂಚು ಕೈಗೆ ಸಿಗುತ್ತದೆ. ಗಿರಾಕಿ ತೋರಿಸುವ ಪರದೆಯನ್ನು ನಂಬದೆ ಹಣ ನಿಮ್ಮ ಖಾತೆಗೆ ಬಂದುದನ್ನು ನಿಮ್ಮ ಫೋನಿನಲ್ಲೋ ಹಣ ಬಂದುದನ್ನು ಕೂಗಿ ಹೇಳುವ ಪೆಟ್ಟಿಗೆಯಲ್ಲೋ ಖಚಿತಪಡಿಸಿಕೊಳ್ಳಿರಿ. ಹಣ ಪಡೆಯುವುದಕ್ಕೆ ಪಿನ್ ಹಾಕಬೇಕಾಗಿಲ್ಲ, ಯಾರ ಚೌಕವನ್ನೂ ಸ್ಕ್ಯಾನ್ ಮಾಡಬೇಕಾಗಿಲ್ಲ. ಹಾಗೆ ಮಾಡಲು ಹೇಳುವವನು ಮೋಸಗಾರನೆಂದೇ ತಿಳಿಯಿರಿ. ಮೋಸ ಹೋದುದು ಗೊತ್ತಾದ ಕೂಡಲೇ 1930 ನಂಬ್ರಕ್ಕೆ ದೂರು ಕೊಡಬೇಕು. ತಡಮಾಡಿದಷ್ಟೂ ಹಣ ದೂರ ಹೋಗುತ್ತದೆ.

ಮುಂದಿನ ಭಾನುವಾರ ಮನೆಯ ಮಕ್ಕಳನ್ನು ಕೂರಿಸಿಕೊಂಡು ನಿಮ್ಮ ಅಂಗಡಿಗೆ ಒಂದು ಫಲಕ ಮಾಡಿರಿ. ಸ್ವಂತ ಅಂಗಡಿ ಇಲ್ಲದವರು ನೆರೆಯ ಅಂಗಡಿಯವರಿಗೆ ಮಾಡಿಕೊಡಿರಿ. ಹೇಗೂ ಒಂದು ಹಾಳೆಯಲ್ಲಿ ಎರಡು ಫಲಕ ಆಗುತ್ತವೆ. ಅಂಗಡಿಯ ಹೆಸರನ್ನು ಮಾತ್ರ ಮಗುವಿನ ಕೈಯಿಂದಲೇ ಕನ್ನಡದಲ್ಲಿ ದಪ್ಪಗೆ ಬರೆಯಿಸಿರಿ.