ತಂದೆತಾಯಿಯರ ವಿಮೆಯೂ ನಮ್ಮ ತೆರಿಗೆಯೂ

ಚೆನ್ನೈಯಲ್ಲಿ ದುಡಿಯುವ ನಮ್ಮಲ್ಲನೇಕರು ಊರಿನಲ್ಲಿರುವ ತಂದೆತಾಯಿಯರ ಆರೋಗ್ಯವಿಮೆಗೆಂದು ಹಣ ಕಳುಹಿಸುತ್ತೇವೆ. ಅಪ್ಪನವರು ಅದನ್ನು ಏಜೆಂಟರಿಗೆ ನಗದಾಗಿ ಕೊಟ್ಟು ರಸೀದಿ ಪಡೆಯುತ್ತಾರೆ. 2025-26ರ ವರಮಾನದ ಲೆಕ್ಕದಲ್ಲಿ ಆ ರಸೀದಿ ನಡೆಯದು. 1961ರ ವರಮಾನ ತೆರಿಗೆ ಕಾಯಿದೆಯ 80ಡಿ ಕಲಮು ನಗದು ಕಂತನ್ನು ಒಪ್ಪುವುದಿಲ್ಲ. ನಾವೇ ಬ್ಯಾಂಕಿನ ಮೂಲಕ ಕಟ್ಟಿದರೆ, 60 ತುಂಬಿದ ಹೆತ್ತವರಿಗಾಗಿ 50,000 ರೂಪಾಯಿವರೆಗೆ ವರಮಾನದಿಂದ ಕಳೆಯಬಹುದು. ಅವರು ನಮ್ಮ ಆಶ್ರಿತರೇ ಆಗಿರಬೇಕೆಂದೇನೂ ಇಲ್ಲ. ಅತ್ತೆಮಾವಂದಿರ ಕಂತು ಮಾತ್ರ ನಮ್ಮ ಲೆಕ್ಕಕ್ಕೆ ಬಾರದು. ಮನೆಯಾಕೆ ತನ್ನ ಸಂಪಾದನೆಯಿಂದ ಕಟ್ಟಿದರೆ ಅವಳ ಲೆಕ್ಕಕ್ಕೆ ಸಲ್ಲುತ್ತದೆ. (ಸೊಸೆಯರ ಸೇವೆಯನ್ನು ಕಾಯಿದೆ ಎಣಿಸಿದಂತಿಲ್ಲ!) ವಿಮೆಯಿಲ್ಲದ ವೃದ್ಧರ ಚಿಕಿತ್ಸೆಯ ವೆಚ್ಚವೂ, ನಗದಲ್ಲದಿದ್ದರೆ, ಇದೇ ಮಿತಿಯೊಳಗೆ ಸೇರುತ್ತದೆ. ಹಳೆಯ ತೆರಿಗೆ ಪದ್ಧತಿಯೇ ಬೇಕೆಂದು ತಿಳಿಸದವರಿಗೆ ಇದಾವುದೂ ದಕ್ಕದು. ರಿಟರ್ನಿನಲ್ಲಿ ಪಾಲಿಸಿಯ ಸಂಖ್ಯೆಯನ್ನೂ ಕಂಪೆನಿಯ ಹೆಸರನ್ನೂ ಕಾಣಿಸಬೇಕು. ಊರಿಂದ ಈಗಲೇ ತರಿಸಿಕೊಳ್ಳಿರಿ.